ಹೊಸ ಬಾಯ್ಲರ್ ಕೂರಿಸುವ ಮುಂಚೆ, ಹಳೆಯದು ಯಾಕೆ ಸೋರಿತು ಅಂತ ನೋಡಿ

ಪ್ರಶ್ನೆ: ನಮಸ್ಕಾರ ಸರ್. ನಾವು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದವರು. ದೊಡ್ಡಪ್ಪ ಇಂಗ್ಲೆಂಡಿನಲ್ಲಿ ಕೆಲಸದಲ್ಲಿದ್ದಾಗ ಒಂದು ಸ್ಟೀಮ್ ಇಂಜಿನ್ ಮಾಡೆಲ್ ತಂದಿದ್ದರು. ಹಳಿಯ ಅಗಲ ಮೂರೂವರೆ ಇಂಚು, ಬಾಯ್ಲರ್ ತಾಮ್ರದ್ದು, ಅದರ ಮೇಲೆ 80 ಪಿಎಸ್‌ಐ (ಚದರ ಇಂಚಿಗೆ 80 ಪೌಂಡ್ ಒತ್ತಡ) ಅಂತ ಪಂಚ್ ಮಾಡಿದ್ದಾರೆ. ತುಂಬಾ ವರ್ಷ ಅಟ್ಟದಲ್ಲಿತ್ತು. ಕಳೆದ ದೀಪಾವಳಿಗೆ ಅಂಗಳದಲ್ಲಿ ಹಳಿ ಹಾಕಿ ಓಡಿಸಿದೆವು. ಬಾಯ್ಲರಿನ ಹಿಂಬದಿ ಸ್ವಲ್ಪ ಅಲ್ಲಾಡುತ್ತಿತ್ತು. ಇಲ್ಲಿನ ವರ್ಕ್‌ಶಾಪಿನವರು ಫೈರ್‌ಬಾಕ್ಸಿನ (ಬೆಂಕಿ ಉರಿಯುವ ಗೂಡಿನ) ಎರಡೂ ಬದಿಗೆ ಬೋಲ್ಟ್ ಹಾಕಿ ಫ್ರೇಮಿಗೆ ಬಿಗಿದುಕೊಟ್ಟರು. ಆಮೇಲೆ ನಾಲ್ಕಾರು ಸಲ ಓಡಿಸುವಷ್ಟರಲ್ಲಿ ಫೈರ್‌ಬಾಕ್ಸಿನ ಕೆಳಗೆ ನೀರು ತೊಟ್ಟಿಕ್ಕಲು ಶುರುವಾಯಿತು. ನೀರಿನ ಮಟ್ಟ ತೋರಿಸುವ ಗ್ಲಾಸ್ ಕೊಳವೆ ಕೂರುವ ಜಾಗದಲ್ಲೂ ಸುಂಯ್ ಅಂತ ಹಬೆ ಬರುತ್ತದೆ. ಅವರೇ ಸೀಸದ ಬೆಸುಗೆ ಹಾಕಿದರು, ಮತ್ತೆ ಸೋರಿತು. ಈಗ 'ಇದು ಹೋಯ್ತು, ಸ್ಟೀಲಿನಲ್ಲಿ ಹೊಸತು ಮಾಡಿಕೊಡ್ತೇವೆ, ತಾಮ್ರಕ್ಕಿಂತ ಗಟ್ಟಿ' ಅನ್ನುತ್ತಾರೆ. ನಮ್ಮ ಮಾವ 'ಹಂಡೆ ಮಾಡುವವರ ಹತ್ತಿರ ಕೊಡು' ಅನ್ನುತ್ತಾರೆ. ನಾವು ಹಾಕುವುದು ಸುರಂಗದ (ಗುಡ್ಡಕ್ಕೆ ಅಡ್ಡ ಕೊರೆದ ಬಾವಿಯ) ನೀರು, ಕುಡಿಯುವ ನೀರು. ಆದರೂ ಹೇಗೆ ಕೆಟ್ಟಿತು? ಹಿಂದಿನ ಗಾಡಿಯಲ್ಲಿ ಮಕ್ಕಳು ಕೂರುತ್ತಾರೆ, ಸಿಡಿದರೆ ಏನು ಗತಿ? ಹೊಸ ಬಾಯ್ಲರ್ ಕೂರಿಸುವಾಗ ಅದೇ ಬೋಲ್ಟ್‌ಗಳನ್ನು ಹಾಕಬಹುದಾ?

ಉತ್ತರ:

ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಕೊಡುತ್ತೇನೆ: ಬೇಡ. ಆ ಎರಡು ಬೋಲ್ಟ್‌ಗಳ ಮೇಲೆಯೇ ನನಗೆ ಜಾಸ್ತಿ ಅನುಮಾನ. ಕಾರಣ ಆಮೇಲೆ ಹೇಳುತ್ತೇನೆ. ಸದ್ಯಕ್ಕೆ ಇಷ್ಟು ಮಾಡಿ. ಸೀಸದ ಬೆಸುಗೆ ಬಿದ್ದ ಆ ಬಾಯ್ಲರಿಗೆ ಇನ್ನು ಬೆಂಕಿ ಹಾಕಬೇಡಿ. 'ಸುಮ್ನೆ ಹತ್ತು ಪಿಎಸ್‌ಐವರೆಗೆ ನೋಡೋಣ' ಅಂತಲೂ ಬೇಡ.

ಸಿಡಿಯುವ ಭಯದ ವಿಷಯ. ಸರಿಯಾಗಿ ಬೆಳ್ಳಿ ಬೆಸುಗೆ ಹಾಕಿದ ತಾಮ್ರದ ಬಾಯ್ಲರ್ ಸಾಮಾನ್ಯವಾಗಿ ಬಾಂಬಿನ ಹಾಗೆ ಒಡೆಯುವುದಿಲ್ಲ. ತಾಮ್ರ ಮೆದು ಲೋಹ. ಅದು ಮೊದಲು ಉಬ್ಬುತ್ತದೆ, ಸೋರುತ್ತದೆ, ಹೀಗೆ ಸೂಚನೆ ಕೊಟ್ಟು ಕೆಡುತ್ತದೆ. ಆದರೆ ಒಳಗಿರುವ ಶಕ್ತಿ ಚಿಕ್ಕದು ಅಂತ ತಿಳಿಯಬೇಡಿ. 80 ಪಿಎಸ್‌ಐ ಒತ್ತಡದಲ್ಲಿ ನೀರು ಕುದಿಯುವುದು 100 ಡಿಗ್ರಿಯಲ್ಲಲ್ಲ, ಸುಮಾರು 162 ಡಿಗ್ರಿ ಸೆಲ್ಸಿಯಸ್‌ನಲ್ಲಿ. ನಿಮ್ಮ ಬಾಯ್ಲರಿನಲ್ಲಿ ಎರಡು ಲೀಟರ್ ನೀರು ಇದೆ ಅಂತಿಟ್ಟುಕೊಳ್ಳಿ. ಒತ್ತಡ ಒಮ್ಮೆಲೇ ಬಿಟ್ಟುಹೋದರೆ ಅದರ ಒಂಬತ್ತನೇ ಒಂದು ಭಾಗದಷ್ಟು ನೀರು ತಕ್ಷಣ ಹಬೆಯಾಗುತ್ತದೆ. ಅಂದರೆ 300 ಲೀಟರಿಗೂ ಮೇಲೆ ಹಬೆ. ಅದೂ ಇಂಜಿನ್ ಓಡಿಸುವವನ ಮೊಣಕಾಲಿನ ಹತ್ತಿರ. ಹಾಗಾಗಿ ನಿಮ್ಮ ಭಯ ಸುಳ್ಳಲ್ಲ. ಅದು ಸ್ವಲ್ಪ ಜಾಗ ತಪ್ಪಿದೆ ಅಷ್ಟೆ. ಭಯ ಪಡಬೇಕಾದ್ದು ಹಳೆಯ ತಾಮ್ರಕ್ಕಲ್ಲ, ಅದರ ಮೇಲೆ ಬಿದ್ದ ಹೊಸ ಬೆಸುಗೆಗೆ.

ತವರ-ಸೀಸದ ಬೆಸುಗೆ 183 ಡಿಗ್ರಿಯಿಂದಲೇ ಕರಗಲು ಶುರುವಾಗುತ್ತದೆ. 162 ಡಿಗ್ರಿಯಲ್ಲಿ ಅದು ಕರಗಿರುವುದಿಲ್ಲ ನಿಜ, ಆದರೆ ಅದರಲ್ಲಿ ಬಲವೂ ಉಳಿದಿರುವುದಿಲ್ಲ. ನೀರು ಸ್ವಲ್ಪ ಕಡಿಮೆಯಾಗಿ ತಗಡು ಒಣಗಿತೋ, ಅಲ್ಲಿಗೆ ಮುಗಿಯಿತು. ಬೆಳ್ಳಿ ಬೆಸುಗೆ ಕರಗುವುದು 600 ಡಿಗ್ರಿ ದಾಟಿದ ಮೇಲೆ. ಅಂತರ ಎಷ್ಟಿದೆ ನೋಡಿ. ಇನ್ನೊಂದು ತೊಂದರೆ ಇದೆ. ಸೀಸ ಒಮ್ಮೆ ತಾಗಿದ ಜಾಗದಲ್ಲಿ ಆಮೇಲೆ ಬೆಳ್ಳಿ ಬೆಸುಗೆ ಸರಿಯಾಗಿ ಹಿಡಿಯುವುದಿಲ್ಲ. ಕೆಂಪಗೆ ಕಾಯಿಸಿದಾಗ ಉಳಿದ ಸೀಸ-ತವರ ತಾಮ್ರವನ್ನೇ ತಿನ್ನುತ್ತದೆ, ಜೋಡಣೆ ಸುಲಭವಾಗಿ ಒಡೆಯುವ ಹಾಗಾಗುತ್ತದೆ. ಪೂರ್ತಿ ಕೆರೆದು ತೆಗೆದರೆ ಉಂಟು, ಇಲ್ಲದಿದ್ದರೆ ಇಲ್ಲ. ಫೈರ್‌ಬಾಕ್ಸಿನ ಕೆಳಗಿನ ಸಂದಿಗೆ ಇಳಿದ ಸೀಸವನ್ನು ಪೂರ್ತಿ ಕೆರೆಯುವುದು ಸುಲಭದ ಮಾತಲ್ಲ. ರಿಪೇರಿ ಆಗಬಹುದಾಗಿದ್ದ ಬಾಯ್ಲರ್‌ಗಳು ಹೀಗೆಯೇ ಗುಜರಿಗೆ ಹೋಗುವುದನ್ನು ನೋಡಿದ್ದೇನೆ.

ಆದರೂ ಹೊಸದಕ್ಕೆ ಹಣ ಕೊಡುವ ಮುಂಚೆ ಹಳೆಯದನ್ನು ಬಿಚ್ಚಿ ನೋಡಿ. ಮೇಲಿನ ಹೊದಿಕೆ ತಗಡು ತೆಗೆಯಿರಿ. ಇಲ್ಲೊಂದು ಎಚ್ಚರಿಕೆ. ಆ ಕಾಲದ ಇಂಗ್ಲಿಷ್ ಮಾಡೆಲ್‌ಗಳಲ್ಲಿ ತಗಡಿನ ಕೆಳಗೆ ಕಲ್ನಾರು (ಆಸ್ಬೆಸ್ಟಾಸ್) ಸುತ್ತಿರುವುದುಂಟು. ಬಿಳಿಯೋ ಬೂದಿ ಬಣ್ಣದ್ದೋ ನಾರು ಕಂಡರೆ ಒಣಗಿದ್ದನ್ನು ಕೆರೆಯಬೇಡಿ, ಊದಬೇಡಿ. ಚೆನ್ನಾಗಿ ಒದ್ದೆ ಮಾಡಿ, ಒಳ್ಳೆಯ ಮಾಸ್ಕ್ ಹಾಕಿ, ತೆಗೆದದ್ದನ್ನು ದಪ್ಪ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ ಮುಚ್ಚಿಡಿ. ಮಕ್ಕಳು ಆ ದಿನ ಹತ್ತಿರ ಬರುವುದು ಬೇಡ.

ಆಮೇಲೆ ಬಾಯ್ಲರಿನ ತುಂಬಾ ತಣ್ಣೀರು ತುಂಬಿ. ಒಳಗೆ ಗಾಳಿ ಉಳಿಯಬಾರದು. ಕೈಪಂಪಿನಿಂದ ನಿಧಾನವಾಗಿ 20–30 ಪಿಎಸ್‌ಐವರೆಗೆ ಒತ್ತಿ, ಟಾರ್ಚ್ ಹಿಡಿದು ನೋಡಿ. ಟೈರ್ ಅಂಗಡಿಗೆ ಒಯ್ದು ಗಾಳಿ ಹಿಡಿಸುವ ಯೋಚನೆ ಮಾತ್ರ ಬೇಡ. ನೀರು ಒತ್ತಿದರೂ ಹೆಚ್ಚು ಕುಗ್ಗುವುದಿಲ್ಲ, ಜೋಡಣೆ ಬಿಟ್ಟರೆ ನಾಲ್ಕು ಹನಿ ಚಿಮ್ಮಿ ಒತ್ತಡ ಇಳಿದುಬಿಡುತ್ತದೆ. ಗಾಳಿ ಹಾಗಲ್ಲ, ಹಬೆಯಷ್ಟೇ ಅಪಾಯ. ಇಷ್ಟು ಮಾಡಿದರೆ ನೀರು ಎಲ್ಲಿಂದ ಬರುತ್ತದೆ ಅನ್ನುವುದು ಸರಿಯಾಗಿ ಕಾಣುತ್ತದೆ. ಮೇಲಿನ ವಾಲ್ವಿನಿಂದ ಸೋರಿದ ನೀರು ತಗಡಿನ ಒಳಗೇ ಇಳಿದು ಫೈರ್‌ಬಾಕ್ಸಿನ ಅಡಿಯಲ್ಲಿ ತೊಟ್ಟಿಕ್ಕುವುದೂ ಇದೆ.

ಗ್ಲಾಸ್ ಕೂರುವ ಬುಷ್ (ಬಾಯ್ಲರಿಗೆ ಬೆಸೆದ, ಒಳಗೆ ಥ್ರೆಡ್ ಇರುವ ಬಳೆ) ಹತ್ತಿರ ಒಂದು ಚಿಕ್ಕ ಪರೀಕ್ಷೆ ಮಾಡಿ. ಸಣ್ಣ ಅರದಿಂದ ಬುಷ್ಷಿನ ಅಂಚನ್ನು ಒಂದೆರಡು ಸಲ ಉಜ್ಜಿ. ಹಳದಿಯಾಗಿ ಹೊಳೆದರೆ ಹಿತ್ತಾಳೆ, ಇನ್ನೂ ಗಟ್ಟಿಯಿದೆ. ಗುಲಾಬಿ ಬಣ್ಣಕ್ಕೆ ತಿರುಗಿ ಮಣ್ಣಿನ ಹಾಗೆ ಉದುರಿದರೆ ಹಿತ್ತಾಳೆಯ ಸತು ಕರಗಿ ಹೋಗಿ, ತೂತುತೂತಾದ ತಾಮ್ರ ಮಾತ್ರ ಉಳಿದಿದೆ ಅಂತ ಅರ್ಥ. ಥ್ರೆಡ್ ಕಣ್ಣಿಗೆ ಚೆನ್ನಾಗಿಯೇ ಕಾಣುತ್ತದೆ, ಕೈಯಲ್ಲಿ ತಿರುಗಿಸಿದರೆ ಕಳಚಿ ಬರುತ್ತದೆ. ಅದಕ್ಕೇ ಒಳ್ಳೆಯ ಬಾಯ್ಲರಿನ ಬುಷ್ ಕಂಚಿನದೋ ಗನ್‌ಮೆಟಲಿನದೋ ಆಗಿರುತ್ತದೆ. ಹೊಸ ಬಾಯ್ಲರ್ ಮಾಡಿಸುವಾಗ ಹಿತ್ತಾಳೆ ಬುಷ್ ಬೇಡ ಅಂತ ಬರೆದೇ ಕೊಡಿ.

ನಿಮ್ಮ ಸುರಂಗದ ನೀರಿನ ಪ್ರಶ್ನೆ ಇಲ್ಲಿಗೆ ಬರುತ್ತದೆ. ನಮ್ಮ ಮುರಕಲ್ಲಿನ ಗುಡ್ಡದ ನೀರು ಕುಡಿಯಲು ಸೊಗಸು. ಅದರಲ್ಲಿ ಸುಣ್ಣದ ಅಂಶ ಕಡಿಮೆ. ಬಯಲುಸೀಮೆಯ ಬೋರ್‌ವೆಲ್ ನೀರಿನ ಹಾಗೆ ಒಳಗೆ ಬಿಳಿ ಪೊರೆ ಕಟ್ಟುವುದಿಲ್ಲ, ಅದು ಲಾಭ. ಆದರೆ ಈ ನೀರು ಸ್ವಲ್ಪ ಆಮ್ಲದ ಕಡೆಗೆ ವಾಲಿರುತ್ತದೆ. ಮೆದು ನೀರು, ಮೇಲೆ ಆಮ್ಲ. ಹಿತ್ತಾಳೆಯಿಂದ ಸತು ಎಳೆಯಲು ಇಷ್ಟೇ ಸಾಕು. ಕಡಲ ಹತ್ತಿರದ ಬಾವಿ ನೀರಾದರೆ ಉಪ್ಪೂ ಸೇರುತ್ತದೆ, ಅದು ಇನ್ನೂ ಕೆಟ್ಟದ್ದು. ವರ್ಷಕ್ಕೆ 3500 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಊರಿನಲ್ಲಿ ನೀರಿಗಾಗಿ ತಲೆ ಕೆಡಿಸಿಕೊಳ್ಳುವುದೇ ಬೇಡ. ಮೊದಲ ನಾಲ್ಕು ಮಳೆ ಬಿಟ್ಟು, ಹೆಂಚಿನ ಮಾಡಿನ ನೀರನ್ನು ಬಟ್ಟೆಯಲ್ಲಿ ಸೋಸಿ ಕ್ಯಾನಿನಲ್ಲಿ ತುಂಬಿಡಿ. ಬುಷ್‌ಗಳು ಕಂಚಿನದಾಗಿದ್ದರೆ ಅದು ಧಾರಾಳ ಸಾಕು. ಏನೇ ಇರಲಿ, ತಾಮ್ರವನ್ನು ಹಾಳು ಮಾಡಿದ್ದು ಸುರಂಗದ ನೀರು ಅಂತ ನನಗನ್ನಿಸುವುದಿಲ್ಲ. ಅದರ ಕೈವಾಡ ಇದ್ದರೆ ಬುಷ್ಷಿನಲ್ಲಿ ಮಾತ್ರ.

ಫೈರ್‌ಬಾಕ್ಸಿನ ಅಡಿ ಸೋರಿದ್ದಕ್ಕೆ ಕಾರಣ ಬೇರೆ. ಲೆಕ್ಕ ಹಾಕಿ ನೋಡೋಣ. ಬಾಯ್ಲರ್ 450 ಮಿಲಿಮೀಟರ್ ಉದ್ದ ಇದೆ ಅಂತಿಟ್ಟುಕೊಳ್ಳಿ. ತಣ್ಣಗಿದ್ದಾಗ 30 ಡಿಗ್ರಿ, ಹಬೆ ಬಂದಾಗ 162. ಅಷ್ಟು ಬಿಸಿಗೆ ತಾಮ್ರ ಸುಮಾರು ಒಂದು ಮಿಲಿಮೀಟರ್ ಉದ್ದವಾಗುತ್ತದೆ. ಕೆಳಗಿನ ಸ್ಟೀಲ್ ಫ್ರೇಮ್ ಅಷ್ಟು ಬಿಸಿಯಾಗುವುದಿಲ್ಲ, ಅದರ ಹಿಗ್ಗೂ ಕಡಿಮೆ. ಮುಂದೆ ಸ್ಮೋಕ್‌ಬಾಕ್ಸ್, ಅಂದರೆ ಚಿಮಣಿಯ ಕೆಳಗಿನ ಹೊಗೆಗೂಡು, ಫ್ರೇಮಿಗೆ ಬಿಗಿದಿದೆ. ಹಿಂದೆ ನಿಮ್ಮ ವರ್ಕ್‌ಶಾಪಿನವರ ಬೋಲ್ಟ್. ಆ ಒಂದು ಮಿಲಿಮೀಟರ್ ಎಲ್ಲಿಗೆ ಹೋಗಬೇಕು? ಬ್ರಾಕೆಟ್ ಕೂತಿರುವ ಜಾಗವನ್ನೂ ಅಡಿಯ ಜೋಡಣೆಯನ್ನೂ ತಿರುಚುತ್ತದೆ. ಬಿಸಿಯಾದಾಗ ಒಂದು ಕಡೆಗೆ, ತಣಿದಾಗ ಇನ್ನೊಂದು ಕಡೆಗೆ. ಇಷ್ಟು ವರ್ಷ ಸೋರದಿದ್ದದ್ದು ಬೋಲ್ಟ್ ಬಿದ್ದ ಮೇಲೆ ನಾಲ್ಕಾರು ಓಟದಲ್ಲೇ ಸೋರಿತು ಅಂತ ನೀವೇ ಬರೆದಿದ್ದೀರಿ. ಹಿಂಬದಿ ಅಲ್ಲಾಡುತ್ತಿದ್ದದ್ದು ದೋಷ ಅಲ್ಲ, ಅದನ್ನು ಮಾಡಿದ್ದೇ ಹಾಗೆ. ಮೆಟ್ಟುಪಾಳ್ಯದಿಂದ ಕೂನೂರಿಗೆ ಹತ್ತುವ ದೊಡ್ಡ ಇಂಜಿನಿನಲ್ಲೂ ಬಾಯ್ಲರಿಗೆ ಹಿಗ್ಗಲು ಜಾಗ ಬಿಟ್ಟಿರುತ್ತಾರೆ.

ಈ ಕಾರಣ ಸರಿಪಡಿಸದೆ ಹೊಸ ಬಾಯ್ಲರ್ ಹಾಕಿದರೆ ಅದೂ ಇದೇ ದಾರಿ ಹಿಡಿಯುತ್ತದೆ, ಅದಕ್ಕೇ ಇಷ್ಟು ಹೇಳಿದೆ.

ಈಗ ಹೊಸತು ಯಾವುದು, ಯಾರಿಂದ ಅನ್ನುವ ಮಾತು. ಸ್ಟೀಲ್ ಗಟ್ಟಿ ಅನ್ನುವುದು ಸುಳ್ಳಲ್ಲ. ದೊಡ್ಡ ಮಾಡೆಲ್‌ಗಳಲ್ಲಿ ಸ್ಟೀಲ್ ಬಾಯ್ಲರ್ ಧಾರಾಳ ಇದೆ. ಆದರೆ ಅದಕ್ಕೆ ತುಕ್ಕು ತಿನ್ನಲಿ ಅಂತಲೇ ದಪ್ಪ ಜಾಸ್ತಿ ಬಿಡಬೇಕು. ಮೂರೂವರೆ ಇಂಚಿನ ಇಂಜಿನಿನಲ್ಲಿ ಅಷ್ಟು ದಪ್ಪಕ್ಕೆ ಜಾಗವೇ ಇಲ್ಲ. ಫೈರ್‌ಬಾಕ್ಸ್ ಸುತ್ತಲಿನ ನೀರಿನ ಸಂದಿ ಇನ್ನೂ ಇಕ್ಕಟ್ಟಾಗುತ್ತದೆ. ತೆಳ್ಳಗೆ ಮಾಡಿದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಹವೆಯಲ್ಲಿ ಒಳಗಿನಿಂದ ತಿಂದುಹಾಕುತ್ತದೆ, ಹೊರಗಿನಿಂದ ಗೊತ್ತಾಗುವುದಿಲ್ಲ. 'ಹಾಗಾದರೆ ಸ್ಟೇನ್‌ಲೆಸ್?' ಅಂತ ಮುಂದಿನ ಪ್ರಶ್ನೆ ಬರುತ್ತದೆ. ಬೇಡ. ಪಾತ್ರೆ-ಪಗಡಿಗೆ ಬಳಸುವ ಜಾತಿಯ ಸ್ಟೇನ್‌ಲೆಸ್, ಬಿಸಿ ಮತ್ತು ಉಪ್ಪಿನ ಅಂಶ ಎರಡೂ ಸೇರಿದರೆ ಮುನ್ಸೂಚನೆ ಇಲ್ಲದೆ ಬಿರುಕು ಬಿಡುತ್ತದೆ. ಕಡಲ ಜಿಲ್ಲೆಯಲ್ಲಿ ಅದನ್ನು ನಂಬುವುದಾದರೂ ಹೇಗೆ?

ಹಂಡೆ ಮಾಡುವವರ ಬಗ್ಗೆ ನಿಮ್ಮ ಮಾವ ಹೇಳಿದ್ದರಲ್ಲಿ ಅರ್ಧ ಸರಿ. ತಾಮ್ರವನ್ನು ಕೆಂಪಗೆ ಕಾಯಿಸಿ, ತಣಿಸಿ, ಮರದ ಅಚ್ಚಿನ ಮೇಲೆ ತಟ್ಟಿ ಅಂಚು ಮಡಚುವ ಕೈ ಅವರಿಗಿದೆ. ಬಾಯ್ಲರಿನ ಮುಂದಿನ-ಹಿಂದಿನ ತಗಡುಗಳನ್ನು ಮಾಡುವುದು ಹೀಗೆಯೇ. ಆ ಕೆಲಸ ಅವರಿಂದ ಮಾಡಿಸಬಹುದು, ಚೆನ್ನಾಗಿಯೂ ಆಗುತ್ತದೆ. ಆದರೆ ಬಚ್ಚಲಿನ ಹಂಡೆಗೆ ಒತ್ತಡ ಅನ್ನುವುದಿಲ್ಲ. ಫೈರ್‌ಬಾಕ್ಸಿನ ಒಂದು ಬದಿಯ ತಗಡು 100 ಮಿಲಿಮೀಟರ್‌ಗೆ 90 ಇದ್ದರೂ 80 ಪಿಎಸ್‌ಐಯಲ್ಲಿ ಅದರ ಮೇಲೆ ಬೀಳುವುದು ಹತ್ತಿರ ಹತ್ತಿರ 500 ಕಿಲೋ ಭಾರ. ಚಪ್ಪಟೆ ತಗಡು ಅದನ್ನು ಒಂಟಿಯಾಗಿ ತಡೆಯುವುದಿಲ್ಲ. ಒಳಗಿನ-ಹೊರಗಿನ ತಗಡುಗಳನ್ನು ಹಿಡಿದಿಡಲು ಸಾಲಾಗಿ ಹಾಕಿದ ಸ್ಟೇಗಳು (ಚಿಕ್ಕ ಸರಳುಗಳು) ತಡೆಯುತ್ತವೆ. ಸ್ಟೇ ಎಷ್ಟು ದಪ್ಪ, ಎಷ್ಟು ಹತ್ತಿರ ಅನ್ನುವುದು ಡ್ರಾಯಿಂಗಿನಲ್ಲಿ ಇರುತ್ತದೆ. ಕಣ್ಣಂದಾಜಿಗೆ ಬಿಡುವ ವಿಷಯ ಅಲ್ಲ.

ಇನ್ನೊಂದು ಬಲೆ ಇದೆ, ಇದನ್ನು ಯಾರೂ ಹೇಳುವುದಿಲ್ಲ. ಫ್ರಿಜ್-ಎಸಿ ಮೆಕ್ಯಾನಿಕ್‌ಗಳ ಹತ್ತಿರ ತಾಮ್ರದ ಪೈಪ್ ಬೆಸೆಯುವ ರಾಡ್ ಇರುತ್ತದೆ. ಕೆಲವರು ಅದನ್ನೂ 'ಸಿಲ್ವರ್' ಅನ್ನುತ್ತಾರೆ. ಅದರಲ್ಲಿ ಬೆಳ್ಳಿ ಸ್ವಲ್ಪ ಇರಬಹುದು, ಇಲ್ಲದೆಯೂ ಇರಬಹುದು. ಮುಖ್ಯವಾಗಿ ಇರುವುದು ತಾಮ್ರ ಮತ್ತು ರಂಜಕ. ಎಸಿಗೆ ಅದು ಒಳ್ಳೆಯದೇ. ಆದರೆ ಕಲ್ಲಿದ್ದಲಿನ ಹೊಗೆಯಲ್ಲಿರುವ ಗಂಧಕ ತಾಗಿದರೆ ಆ ಜೋಡಣೆ ಸುಲಭವಾಗಿ ಒಡೆಯುವ ಹಾಗಾಗಿ ಕೆಡುತ್ತದೆ. ಫೈರ್‌ಬಾಕ್ಸ್ ಮತ್ತು ಹೊಗೆ ಟ್ಯೂಬ್‌ಗಳ ಹತ್ತಿರ ಅದು ಸುಳಿಯಲೇಬಾರದು. ಅಲ್ಲಿ ಬೇಕಾದ್ದು 55 ಶೇಕಡಾ ಆಸುಪಾಸು ಬೆಳ್ಳಿಯಿರುವ, ಕ್ಯಾಡ್ಮಿಯಂ ಇಲ್ಲದ ರಾಡ್ ಮತ್ತು ಅದಕ್ಕೆ ಹೊಂದುವ ಫ್ಲಕ್ಸ್ (ಬೆಸುಗೆ ಹಿಡಿಯಲು ಹಚ್ಚುವ ಪುಡಿ). ದುಬಾರಿ, ಹೌದು. ಹಳೆಯ ರಾಡ್‌ಗಳಲ್ಲಿ ಕ್ಯಾಡ್ಮಿಯಂ ಇರುತ್ತಿತ್ತು, ಅದರ ಹೊಗೆ ಪ್ರಾಣ ತೆಗೆಯುವಂಥದ್ದು. ಯಾರೋ ಮೂಲೆಯಲ್ಲಿ ಉಳಿದಿದ್ದ ಹಳೆ ಪ್ಯಾಕೆಟ್ ಕೊಟ್ಟರೆ ತಗೋಬೇಡಿ.

ಹಾಗಾದರೆ ನಿಮಗಿರುವ ದಾರಿ ಯಾವುದು? ನನ್ನ ಕೈಗೆ ಬಂದಿದ್ದರೆ ಹೀಗೆ ಮಾಡುತ್ತಿದ್ದೆ. ಬುಷ್ ಮಾತ್ರ ಕೆಟ್ಟಿದ್ದು, ಅಡಿಯ ಸೀಸ ಪೂರ್ತಿ ತೆಗೆಯಲು ಬಂದರೆ ರಿಪೇರಿ. ಸೀಸ ಸಂದಿಯೊಳಗೆ ಹೋಗಿದ್ದರೆ ಹೊಸತು. ಹೊಸತನ್ನು ಇಂಗ್ಲೆಂಡಿನ ವೃತ್ತಿಪರ ಬಾಯ್ಲರ್ ತಯಾರಕರಿಂದ ಪರೀಕ್ಷೆಯ ಸರ್ಟಿಫಿಕೇಟ್ ಸಮೇತ ತರಿಸುವುದು ಎಲ್ಲಕ್ಕಿಂತ ನಿಶ್ಚಿಂತೆಯ ದಾರಿ. ಆದರೆ ಕಾಯಬೇಕು, ಸಾಗಣೆ, ಕಸ್ಟಮ್ಸ್ ಎಲ್ಲ ಸೇರಿ ಜೇಬಿಗೆ ಭಾರ. ಇಲ್ಲೇ ಮಾಡಿಸುವುದಾದರೆ ತಗಡು ತಟ್ಟುವುದು ಒಬ್ಬರು, ಬೆಳ್ಳಿ ಬೆಸುಗೆ ಅನುಭವ ಇರುವ ಇನ್ನೊಬ್ಬರು, ಮಧ್ಯೆ ಡ್ರಾಯಿಂಗ್ ಓದಬಲ್ಲ ನೀವು. ಇದರಲ್ಲಿ ಅಪಾಯ ಏನೆಂದರೆ, ಒಳಗಿನ ಜೋಡಣೆ ಮುಚ್ಚಿದ ಮೇಲೆ ಯಾರಿಗೂ ಕಾಣುವುದಿಲ್ಲ. ಹಾಗಾಗಿ ಪ್ರತಿ ಹಂತದಲ್ಲೂ ಬೆಸುಗೆ ಆಚೆ ಬದಿಗೂ ಹರಿದು ಸುತ್ತ ಗೆರೆ ಕಟ್ಟಿದೆಯಾ ಅಂತ ನೋಡಿ, ಆಮೇಲೆಯೇ ಮುಂದಿನದು.

ಯಾರ ಹತ್ತಿರ ಮಾಡಿಸಿದರೂ ಥ್ರೆಡ್ ವಿಷಯ ಮರೆಯಬೇಡಿ. ನಿಮ್ಮ ಹಳೆಯ ವಾಲ್ವ್‌ಗಳ ಥ್ರೆಡ್ ಮೆಟ್ರಿಕ್ ಆಗಿರುವುದಿಲ್ಲ. ಇಂಚಿಗೆ 32 ಅಥವಾ 40 ಸುತ್ತಿನ ಸಣ್ಣ ಮಾಡೆಲ್ ಥ್ರೆಡ್ ಇರುತ್ತದೆ. ಚಿಕ್ಕ ಸ್ಕ್ರೂಗಳು ಬಿಎ ಅನ್ನುವ ಹಳೆಯ ಬ್ರಿಟಿಷ್ ಸೈಜಿನವು. ಇಲ್ಲಿನ ಲೇತ್ ಅಂಗಡಿಗಳಲ್ಲಿ ಆ ಟ್ಯಾಪ್ ಸಿಗುವುದು ಕಷ್ಟ. 'ಹತ್ತಿರದ್ದು ಹಾಕಿದ್ದೇನೆ, ಟೇಪ್ ಸುತ್ತಿದರೆ ಕೂರುತ್ತದೆ' ಅಂದರೆ ಒಪ್ಪಬೇಡಿ.

ಕೂರಿಸುವ ಕೆಲಸ ಶುರುವಾಗುವುದು ಹಳೆಯದನ್ನು ತೆಗೆಯುವ ಮುಂಚೆ. ಫ್ರೇಮಿನ ಮೇಲಂಚಿನಿಂದ ಬಾಯ್ಲರಿನ ನಡುಗೆರೆಗೆ ಮುಂದೆ ಎಷ್ಟು, ಹಿಂದೆ ಎಷ್ಟು ಅಂತ ಅಳೆದು ಬರೆದಿಡಿ. ಪೈಪ್‌ಗಳ ಫೋಟೋ ನಾಲ್ಕು ಕಡೆಯಿಂದ ತೆಗೆಯಿರಿ. ಹೊಸ ಬಾಯ್ಲರ್ ಬಂದ ಮೇಲೆ ಬಣ್ಣ, ಹೊದಿಕೆ ಏನೂ ಇಲ್ಲದೆ ಬರೀ ಮೈಯಲ್ಲಿ ಒಮ್ಮೆ ಇಟ್ಟು ನೋಡಿ. ಕೈಯಿಂದ ಮಾಡಿದ ಬಾಯ್ಲರ್ ಒಂದೆರಡು ಮಿಲಿಮೀಟರ್ ಆಚೀಚೆ ಆಗಿಯೇ ಇರುತ್ತದೆ. ಚಕ್ರಕ್ಕೆ, ಫ್ರೇಮಿಗೆ ಎಲ್ಲೂ ಉಜ್ಜಬಾರದು. ಉಜ್ಜಿದರೆ ಫ್ರೇಮ್ ಕಡೆಯ ಬ್ರಾಕೆಟ್ಟನ್ನು ಅರದಿಂದ ಸವೆಸಿ, ಬಾಯ್ಲರನ್ನಲ್ಲ.

ಮುಂಬದಿ ಬಿಗಿ. ಹಿಂಬದಿ ಮೇಲೆ ಏಳಬಾರದು, ಪಕ್ಕಕ್ಕೆ ವಾಲಬಾರದು, ಆದರೆ ಹಿಂದೆ-ಮುಂದೆ ಜಾರಬೇಕು. ಬ್ರಾಕೆಟ್ಟಿನ ಮೇಲೆ ಒಂದು ಹಿಡಿಪಟ್ಟಿ ಹಾಕಿ, ಅದಕ್ಕೂ ಬ್ರಾಕೆಟ್ಟಿಗೂ ನಡುವೆ ದಪ್ಪ ಕಾಗದ ಎಳೆದರೆ ಬರುವಷ್ಟು ಸಂದಿ ಬಿಡಿ. ಬೋಲ್ಟ್ ಇರಲೇಬೇಕಾದರೆ ತೂತನ್ನು ಉದ್ದಕ್ಕೆ ಎರಡು ಮಿಲಿಮೀಟರ್ ಹಿಗ್ಗಿಸಿ. ಮೊದಲ ಸಲ ಹಬೆ ಎಬ್ಬಿಸಿದಾಗ ಬ್ರಾಕೆಟ್ ಪಕ್ಕ ಪೆನ್ಸಿಲ್ ಗೆರೆ ಎಳೆದಿಟ್ಟು ನೋಡಿ, ಬಾಯ್ಲರ್ ಹಿಂದಕ್ಕೆ ಸರಿಯುವುದು ನಿಮ್ಮ ಕಣ್ಣಿಗೇ ಕಾಣುತ್ತದೆ. ಸಿಲಿಂಡರಿಗೆ ಹೋಗುವ ಹಬೆ ಪೈಪನ್ನೂ ನೇರ ಬಿಗಿಯಬೇಡಿ, ಒಂದು ಬಾಗು ಇರಲಿ.

ಸ್ಮೋಕ್‌ಬಾಕ್ಸಿನೊಳಗೆ ಬಳಕೆಯಾದ ಹಬೆ ಹೊರಬರುವ ನಳಿಕೆ ಚಿಮಣಿಯ ಸರಿ ನಡುವಿಗೆ ನೋಡಬೇಕು. ನಳಿಕೆಯಲ್ಲಿ ಬಿಗಿಯಾಗಿ ಕೂರುವ ನೇರ ಸರಳೊಂದನ್ನು ಸಿಕ್ಕಿಸಿ, ಮೇಲಿನಿಂದ ನೋಡಿ. ಸುತ್ತಲೂ ಸಂದಿ ಒಂದೇ ಸಮ ಇರಬೇಕು. ಹೊಸ ಬಾಯ್ಲರಿನಿಂದ ಚಿಮಣಿ ಸ್ವಲ್ಪ ಸರಿದಿದ್ದರೆ ಇಂಜಿನ್ ಉಸಿರೇ ಎಳೆಯುವುದಿಲ್ಲ, ಬೆಂಕಿ ಮಂಕಾಗುತ್ತದೆ, ಜನ ಬಾಯ್ಲರನ್ನು ಬಯ್ಯುತ್ತಾರೆ. ಪೈಪ್ ಹಾಯುವ ತೂತುಗಳಲ್ಲೂ ಗಾಳಿ ನುಸುಳಬಾರದು. ಇದಕ್ಕೆ ಊದುಬತ್ತಿಯೇ ಸಾಕು. ಬ್ಲೋವರ್ (ಚಿಮಣಿಯ ಮೂಲಕ ಗಾಳಿ ಎಳೆಸುವ ನಳಿಕೆ) ಹಾಕಿ, ಬತ್ತಿಯನ್ನು ಜೋಡಣೆಗಳ ಸುತ್ತ ಆಡಿಸಿ. ಹೊಗೆ ಎಲ್ಲಿ ಒಳಕ್ಕೆ ಎಳೆಯುತ್ತದೋ ಅಲ್ಲಿ ಬಿಸಿ ತಡೆಯುವ ಪುಟ್ಟಿ ಹಚ್ಚಿ.

ನೀರಿನ ಗ್ಲಾಸಿನ ಮೇಲಿನ-ಕೆಳಗಿನ ಫಿಟ್ಟಿಂಗ್ ಒಂದೇ ಗೆರೆಯಲ್ಲಿರಲಿ, ಇಲ್ಲದಿದ್ದರೆ ಗ್ಲಾಸ್ ಒಡೆಯುತ್ತದೆ. ಅದಕ್ಕಿಂತ ಮುಖ್ಯ, ಗ್ಲಾಸಿನ ಕೆಳಗಿನ ನಟ್ ಫೈರ್‌ಬಾಕ್ಸಿನ ಮೇಲ್ಛಾವಣಿಗಿಂತ ಮೇಲೆ ಇದೆಯಾ ಅಂತ ಅಳೆಯಿರಿ. ಗ್ಲಾಸಿನಲ್ಲಿ ನೀರು ಕಾಣದೆ ಹೋದ ಕ್ಷಣದಲ್ಲೂ ಆ ಛಾವಣಿಯ ಮೇಲೆ ನೀರು ಇರಬೇಕು. ಇದು ತಪ್ಪಿದ ಬಾಯ್ಲರನ್ನು ಎಷ್ಟೇ ಚೆನ್ನಾಗಿ ಬೆಸೆದಿದ್ದರೂ ವಾಪಸ್ ಕೊಡಿ.

ಪರೀಕ್ಷೆ ಹೀಗೆ. ಹೊಸ ಬಾಯ್ಲರಿಗೆ ಬರೀ ಮೈಯಲ್ಲಿ ತಣ್ಣೀರಿನಿಂದ ಎರಡರಷ್ಟು ಒತ್ತಡ, ಅಂದರೆ ನಿಮ್ಮದಕ್ಕೆ 160 ಪಿಎಸ್‌ಐ. ಗೇಜಿನ ಮುಳ್ಳು ಇಳಿಯಬಾರದು, ತಗಡು ಉಬ್ಬಬಾರದು. ಎಲ್ಲ ಜೋಡಿಸಿದ ಮೇಲೆ ಮತ್ತೊಮ್ಮೆ ನೀರಿನಲ್ಲೇ ಒಂದೂವರೆಯಷ್ಟು, 120. ಆಮೇಲೆ ಹಬೆ. ಬೆಂಕಿ ಜೋರು ಮಾಡಿ, ಬ್ಲೋವರ್ ಪೂರ್ತಿ ತೆರೆದು ಸೇಫ್ಟಿ ವಾಲ್ವಿಗೆ ಬಿಟ್ಟುಬಿಡಿ. ಒತ್ತಡ 88 ದಾಟಬಾರದು. ದಾಟಿದರೆ ವಾಲ್ವ್ ಚಿಕ್ಕದಾಯಿತು ಅಂತ ಲೆಕ್ಕ, ಬದಲಿಸಿ. ಗೇಜನ್ನು ಮೊದಲೇ ಇನ್ನೊಂದು ಒಳ್ಳೆಯ ಗೇಜಿನ ಜೊತೆ ತಾಳೆ ನೋಡಿ. ಕಾನೂನಿನ ಮಾತು ಕೇಳುವವರಿದ್ದಾರೆ. 25 ಲೀಟರಿಗಿಂತ ಚಿಕ್ಕ ಬಾಯ್ಲರ್ ನಮ್ಮ ದೇಶದ ಬಾಯ್ಲರ್ ಕಾಯ್ದೆಯ ಒಳಗೆ ಬರುವುದಿಲ್ಲ. ಹಾಗಾಗಿ ಇನ್ಸ್‌ಪೆಕ್ಟರ್ ಬಂದು ನೋಡುವುದಿಲ್ಲ. ಈ ಪರೀಕ್ಷೆಗಳನ್ನು ನೀವೇ ಮಾಡಬೇಕು, ತಾರೀಕು ಹಾಕಿ ಒಂದು ಪುಸ್ತಕದಲ್ಲಿ ಬರೆದಿಡಬೇಕು.

ಕೊನೆಯದಾಗಿ ಇಂಧನ. ನಮ್ಮ ದೇಶದ ಹೆಚ್ಚಿನ ಕಲ್ಲಿದ್ದಲಿನಲ್ಲಿ ಬೂದಿ ವಿಪರೀತ, ಬೆಂಕಿ ಕೂರುವ ಚಿಕ್ಕ ಜಾಲರಿಯಲ್ಲಿ ಬೇಗ ಕಟ್ಟಿಕೊಳ್ಳುತ್ತದೆ. ತೆಂಗಿನ ಗೆರಟೆಯ ಇದ್ದಿಲು ಪ್ರಯತ್ನಿಸಿ. ಬೂದಿ ಕಡಿಮೆ, ಗಂಧಕ ಇಲ್ಲವೆನ್ನುವಷ್ಟು ಕಡಿಮೆ. ಬೇಗ ಉರಿದುಹೋಗುತ್ತದೆ, ಆಗಾಗ ಹಾಕುತ್ತಿರಬೇಕು. ಕಿಡಿ ಮಾತ್ರ ಹಾರುತ್ತದೆ. ಸ್ಮೋಕ್‌ಬಾಕ್ಸಿನಲ್ಲಿ ಸಣ್ಣ ಬಲೆ ಕಟ್ಟಿ, ಬೇಸಗೆಯಲ್ಲಿ ಅಂಗಳದ ಬದಿಯ ಒಣ ಸೋಗೆ ಗುಡಿಸಿಡಿ. ಓಟ ಮುಗಿದ ಮೇಲೆ ಒತ್ತಡ ಪೂರ್ತಿ ಇಳಿಯಲಿ, ನೀರು ಬಸಿಯಿರಿ, ಬೂದಿಯನ್ನು ಅದೇ ದಿನ ತೆಗೆಯಿರಿ. ಮಳೆಗಾಲದಲ್ಲಿ ಬೂದಿ ತೇವ ಎಳೆದುಕೊಂಡು ಸ್ಮೋಕ್‌ಬಾಕ್ಸಿನ ತಳವನ್ನು ತಿನ್ನುತ್ತದೆ. ಬಾಯ್ಲರ್ ಹೊಸತಾದರೂ ಅದನ್ನು ಹೊತ್ತ ತಗಡು ಹಳೆಯದೇ ಅಲ್ವಾ.